ಬಾಯಿ ಮುಚ್ಚೋ ಅನ್ನೋ ಮೊದಲು ಮೂಗು ನೋಡಿ ಮೇಷ್ಟ್ರೇ

ಪೋಸ್ಟ್ ಉದ್ದ ಇದೆ. ಓದದೇ ಲೈಕ್ ಒತ್ತೋರು ದಯವಿಟ್ಟು ಒತ್ತಬೇಡಿ, ಪುರುಸೊತ್ತಾದಾಗ ಓದಿ.

ಎರಡು ತಿಂಗಳ ಹಿಂದೆ ನಮ್ಮ ಕೇರಿಯ ಒಬ್ಬ ತಾಯಿ ಮನೆಗೆ ಬಂದಿದ್ದಳು. ಮಗಳು ಮೂರನೇ ಕ್ಲಾಸು, ಎಂಟು ವರ್ಷ. "ಇಸ್ಕೂಲು ಬಿಡಿಸ್ಬಿಡ್ತೀನಿ ಕಣಣ್ಣ, ಮೇಷ್ಟ್ರು ಇದಕ್ಕೆ ವಿದ್ಯೆ ಹತ್ತಲ್ಲ ಅಂದ್ರು" ಅಂತ. ಯಾಕೆ ಅಂತ ಕೇಳಿದೆ. ಕ್ಲಾಸಲ್ಲಿ ನಿದ್ದೆ ಮಾಡ್ತಾಳಂತೆ. ಬಾಯಿ ತೆರ್ಕೊಂಡು ಬೋರ್ಡ್ ನೋಡ್ತಾಳಂತೆ. ಕೇಳಿದ್ದಕ್ಕೆ ಉತ್ತರ ಬರೋದಕ್ಕೆ ತಡವಂತೆ. "ಬಾಯಿ ಮುಚ್ಚೇ, ನೊಣ ಹೋಗುತ್ತೆ" ಅಂತ ದಿನಾ ಬೈಗುಳ, ಉಳಿದ ಮಕ್ಕಳು ದಿನಾ ನಗೋದು. ಕೊನೆಗೆ ಒಂದು ದಿನ ಮೇಷ್ಟ್ರ ಬಾಯಿಂದ ಆ ಮಾತೂ ಬಂತು: ಇವರ ಜನಕ್ಕೆ ಓದು ಎಲ್ಲಿ ಹತ್ತುತ್ತೆ ಅಂತ.

ಆ ಮಾತಿಗೆ ಏನು ಮಾಡಬೇಕೋ ಅದನ್ನ ಬೇರೆ ಮಾಡಿದ್ದೀವಿ, ಅದು ಇವತ್ತಿನ ವಿಷಯ ಅಲ್ಲ. ಇವತ್ತಿನ ವಿಷಯ ಆ ಮಗುವಿನ ತೆರೆದ ಬಾಯಿ.

ರಾತ್ರಿ ಹೇಗೆ ಮಲಗ್ತಾಳೆ ಅಂತ ಕೇಳಿದೆ. ಆ ತಾಯಿ ನಕ್ಕಳು. "ಅವರಪ್ಪನಿಗಿಂತ ಜೋರು ಗೊರಕೆ." ಎಂಟು ವರ್ಷದ ಮಗು ದೊಡ್ಡವರ ಥರ ಗೊರಕೆ ಹೊಡೆಯುತ್ತೆ, ಮಧ್ಯೆ ಉಸಿರು ನಿಂತ ಹಾಗೆ ಆಗಿ ಧಡಕ್ಕನೆ ಹೊರಳುತ್ತೆ, ಇವತ್ತಿಗೂ ಹಾಸಿಗೆ ಒದ್ದೆ ಮಾಡ್ಕೊಳ್ಳುತ್ತೆ, ಬೆಳಗ್ಗೆ ಎದ್ದಾಗ ಬಾಯಿ ಒಣಗಿ ತುಟಿ ಬಿರಿದಿರುತ್ತೆ. ಮನೆಯವರಿಗೆಲ್ಲ ಇದು ತಮಾಷೆ. ನನಗೆ ತಮಾಷೆ ಅನ್ನಿಸಲಿಲ್ಲ. ಯಾಕಂದ್ರೆ ಮೂವತ್ತೈದು ವರ್ಷದ ಹಿಂದೆ ನಮ್ಮನೆಯಲ್ಲಿ ಆ ತಮಾಷೆಯ ಮಗು ನಾನೇ. ಶಾಲೆಯಲ್ಲಿ ನನ್ನ ಹೆಸರು ಬಾಯ್ಬಿಡ್ಕ. ಹಾಜರಿ ಪುಸ್ತಕದಲ್ಲಿ ಮಾತ್ರ ಬೇರೆ ಹೆಸರಿತ್ತು.

ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋದ್ವಿ. ಇಎನ್‌ಟಿ ಡಾಕ್ಟರು ನೋಡಿ, ಎಕ್ಸ್‌ರೇ ತೆಗೆಸಿ, ಮೂಗಿನ ಹಿಂದೆ ಇರೋ ಅಡಿನಾಯ್ಡ್ ಗ್ರಂಥಿ ಊದಿ ಗಾಳಿ ದಾರಿಯನ್ನೇ ಮುಚ್ಚಿದೆ ಅಂದರು. ಮಗು ಮೂಗಲ್ಲಿ ಉಸಿರಾಡ್ತಾ ಇಲ್ಲ ಅಂತಲ್ಲ, ಆಡೋಕೆ ಆಗ್ತಾ ಇಲ್ಲ. ರಾತ್ರಿ ಪೂರ್ತಿ ಉಸಿರಿಗಾಗಿ ಒದ್ದಾಡಿದ ಮಗು ಬೆಳಗ್ಗೆ ಹತ್ತು ಗಂಟೆಗೆ ಮಗ್ಗಿ ಹೇಳಬೇಕು. ಇದಕ್ಕೆ ನಮ್ಮ ಶಾಲೆ ಇಟ್ಟ ಹೆಸರು ದಡ್ಡತನ. ಇದಕ್ಕೆ ನಮ್ಮ ಸಮಾಜ ಕೊಟ್ಟ ಕಾರಣ ಜಾತಿ.

ಇಎನ್‌ಟಿ ಡಾಕ್ಟರು ಪಕ್ಕದ ಹಲ್ಲಿನ ವಿಭಾಗಕ್ಕೂ ಕಳಿಸಿದರು. ಅಲ್ಲಿ ಒಬ್ಬ ಯುವ ಡಾಕ್ಟರಮ್ಮ. ಮಗುವಿನ ಬಾಯಿ ನೋಡಿ, ಪಕ್ಕದಲ್ಲೇ ಇದ್ದ ನನ್ನನ್ನೂ ಕೂರಿಸಿ ಟಾರ್ಚ್ ಬಿಟ್ಟು ತೋರಿಸಿದರು. ಅವರು ಹೇಳಿದ್ದನ್ನ, ಆಮೇಲೆ ನಾನು ಓದಿಕೊಂಡಿದ್ದನ್ನ ಸೇರಿಸಿ ನನ್ನ ಭಾಷೇಲಿ ಹೇಳ್ತೀನಿ.

ನಿಮ್ಮ ನಾಲಿಗೆ ಈಗ ಎಲ್ಲಿದೆ ನೋಡ್ಕೊಳ್ಳಿ. ಬಾಯಿ ಮುಚ್ಚಿ ಮೂಗಲ್ಲಿ ಉಸಿರಾಡ್ತಿದ್ರೆ ನಾಲಿಗೆ ಮೇಲಿನ ಅಂಗುಳಕ್ಕೆ ಅಂಟಿಕೊಂಡಿರುತ್ತೆ. ಬೆಳೆಯೋ ಮಗುವಿನಲ್ಲಿ ಆ ನಾಲಿಗೆ ಒಳಗಿಂದ ಮೇಲ್ದವಡೆಗೆ ಆಸರೆ ಕೊಡುತ್ತೆ, ಹೊರಗಿಂದ ಕೆನ್ನೆ ತುಟಿಗಳು ಒತ್ತುತ್ತವೆ. ಈ ಎರಡರ ನಡುವೆ ದವಡೆ ಅಗಲವಾಗಿ ಬೆಳೆಯುತ್ತೆ. ಬಾಯಲ್ಲಿ ಉಸಿರಾಡೋ ಮಗುವಿನ ನಾಲಿಗೆ ಕೆಳಗೆ ಬಿದ್ದಿರುತ್ತೆ, ಇಲ್ಲದಿದ್ರೆ ಗಾಳಿ ಹೋಗೋಕೆ ದಾರಿಯಿಲ್ಲ. ಆಗ ಒಳಗಿನ ಆಸರೆ ಹೋಯ್ತು, ಕೆನ್ನೆಯ ಒತ್ತಡ ಮಾತ್ರ ಉಳಿಯಿತು. ಮೇಲ್ದವಡೆ ಇಕ್ಕಟ್ಟಾಗುತ್ತೆ, ಅಂಗುಳ ಗುಡಿಯ ಗೋಪುರದ ಹಾಗೆ ಮೇಲಕ್ಕೆ ಹೋಗುತ್ತೆ, ಹಲ್ಲಿಗೆ ಜಾಗ ಸಾಲದೆ ಒಂದರ ಮೇಲೊಂದು ಹತ್ತುತ್ತವೆ, ಮುಂದಿನವು ಉಬ್ಬಿ ಬರುತ್ತವೆ, ಮುಖ ಉದ್ದವಾಗುತ್ತೆ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಬಾಯಿಯ ಮೇಲ್ಛಾವಣಿ ಅಂತ ನಾವು ಕರೆಯೋದೇ ಮೂಗಿನ ನೆಲ. ಛಾವಣಿ ಇಕ್ಕಟ್ಟಾದರೆ ಮೇಲಿನ ಮೂಗಿನ ಗೂಡೂ ಇಕ್ಕಟ್ಟು. ಮೂಗು ಕಟ್ಟಿದ್ದರಿಂದ ದವಡೆ ಕೆಡುತ್ತೆ, ದವಡೆ ಕೆಟ್ಟಿದ್ದರಿಂದ ಮೂಗು ಇನ್ನಷ್ಟು ಕಟ್ಟುತ್ತೆ.

ಎಗಿಲ್ ಹಾರ್ವೋಲ್ಡ್ ಅಂತ ಒಬ್ಬ ವಿಜ್ಞಾನಿ ಕ್ಯಾಲಿಫೋರ್ನಿಯಾದಲ್ಲಿ ಮರಿ ಕೋತಿಗಳ ಮೂಗಿಗೆ ಸಿಲಿಕೋನ್ ಬಿರಡೆ ಹಾಕಿ ವರ್ಷಗಟ್ಟಲೆ ನೋಡಿದ, 1981ರಲ್ಲಿ ಪ್ರಕಟಿಸಿದ. ಒಂದೊಂದು ಕೋತಿ ಒಂದೊಂದು ಥರ ಬಾಯಲ್ಲಿ ಉಸಿರಾಡೋದು ಕಲಿತು, ಒಂದೊಂದರ ದವಡೆ ಒಂದೊಂದು ಥರ ಕೆಟ್ಟಿತು. ಪಾಪದ ಪ್ರಾಣಿಗಳು. ಆದರೆ ಬಿರಡೆ ಹಾಕದೇನೇ ಆ ಪ್ರಯೋಗ ನಮ್ಮ ಕೇರಿಗಳಲ್ಲಿ ನಡೀತಾ ಇದೆಯಲ್ಲ. ಹತ್ತು ಅಡಿ ಉದ್ದಗಲದ ಮನೆ, ಅದರಲ್ಲೇ ಒಲೆ. ಸಿಲಿಂಡರ್ ಇದೆ, ತುಂಬಿಸೋಕೆ ದುಡ್ಡಿಲ್ಲ, ಮತ್ತೆ ಸೌದೆ. ಆ ಹೊಗೆಯಲ್ಲಿ ಮಗುವಿಗೆ ವರ್ಷಪೂರ್ತಿ ನೆಗಡಿ. "ಸಿಂಬಳಬುರುಕ" ಅಂತ ನಗ್ತೀವಿ ಹೊರತು ಈ ಮೂಗು ಯಾಕೆ ಯಾವಾಗಲೂ ಸೋರುತ್ತೆ ಅಂತ ಕೇಳೋದಿಲ್ಲ.

ಬಾಯಿ ತೆರೆದವರಿಗೆಲ್ಲ ದವಡೆ ಕೆಡುತ್ತೆ ಅಂತಿಲ್ಲ, ದವಡೆ ಕೆಟ್ಟವರೆಲ್ಲ ಬಾಯಲ್ಲಿ ಉಸಿರಾಡಿದವರೂ ಅಲ್ಲ. ಅಪ್ಪ ಅಮ್ಮನಿಂದ ಬರೋ ದವಡೆಯೂ ಇದೆ. ನಾನು ಡಾಕ್ಟರಲ್ಲ, ಯಾವ ಮಗುವಿಗೆ ಏನು ಅಂತ ಪರೀಕ್ಷೆ ಮಾಡಿದವರೇ ಹೇಳಬೇಕು. ನನ್ನ ತಕರಾರು ಪರೀಕ್ಷೆಯೇ ನಡೆಯೋದಿಲ್ಲ ಅನ್ನೋದು.

ಈಗ ಆ ಹುಡುಗಿಯ ಇನ್ನೊಂದು ಕಥೆ. ಐದನೇ ವಯಸ್ಸಿಗೆ ಎರಡು ದವಡೆ ಹಲ್ಲು ಹುಳುಕಾಗಿ, ಕೆನ್ನೆ ಊದಿಕೊಂಡು, ತಾಲೂಕಿನ ಆಸ್ಪತ್ರೆಯೊಂದರಲ್ಲಿ ಕೀಳಿಸಿದ್ದರು. "ಹಾಲುಹಲ್ಲು ತಾನೆ, ಬೇರೆ ಬರುತ್ತೆ ಬಿಡಿ" ಅಂದು ಕಳಿಸಿದ್ದರಂತೆ. ನಾವೂ ಹಾಗೇ ಅಂದುಕೊಂಡಿರೋದು. ಬಿದ್ದು ಹೋಗೋ ಹಲ್ಲಿಗೆ ಯಾರು ಬಸ್ ಚಾರ್ಜ್ ಹಾಕ್ತಾರೆ?

ಆದರೆ ಹಾಲಿನ ದವಡೆ ಹಲ್ಲು ಬೀಳಬೇಕಾದ್ದು ಹತ್ತು ಹನ್ನೆರಡು ವರ್ಷಕ್ಕೆ. ಅಲ್ಲೀವರೆಗೆ ಅದು ಕೆಳಗಿನ ಪಕ್ಕಾ ಹಲ್ಲಿಗೆ ಜಾಗ ಹಿಡಿದು ಕೂತಿರುತ್ತೆ, ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಆರು ವರ್ಷಕ್ಕೆ ಅದರ ಹಿಂದೆ ಮೊದಲ ಪಕ್ಕಾ ದವಡೆ ಹಲ್ಲು ಸದ್ದಿಲ್ಲದೆ ಬರುತ್ತೆ. ಯಾವ ಹಲ್ಲೂ ಬಿದ್ದಿರೋದಿಲ್ಲವಾದ್ದರಿಂದ ಅದೂ ಹಾಲುಹಲ್ಲೇ ಅಂದುಕೊಂಡು ಬಿಟ್ಟುಬಿಡ್ತೀವಿ, ಅದೇ ಮೊದಲು ಹುಳುಕಾಗುತ್ತೆ. ಮುಂದಿನ ಟವೆಲ್ ಐದನೇ ವರ್ಷಕ್ಕೇ ಕಿತ್ತು ಬಿಸಾಕಿದ್ರೆ ಈ ಹಲ್ಲು ಮುಂದಕ್ಕೆ ಜರುಗಿ ಆ ಸೀಟಲ್ಲಿ ಕೂತುಬಿಡುತ್ತೆ. ಹತ್ತು ವರ್ಷಕ್ಕೆ ಬರಬೇಕಾದ ಹಲ್ಲಿಗೆ ಜಾಗವೇ ಇಲ್ಲ. ಮೊದಲೇ ಇಕ್ಕಟ್ಟಾದ ದವಡೆ, ಇನ್ನಷ್ಟು ಇಕ್ಕಟ್ಟು. ಹಲ್ಲು ಕೀಳಲೇಬೇಕಾದ್ರೆ ಆ ಜಾಗ ಕಾಯೋಕೆ ಒಂದು ಸಣ್ಣ ತಂತಿಯ ಸಾಧನ ಇದೆ, ಸ್ಪೇಸ್ ಮೇಂಟೇನರ್ ಅಂತ. ದೊಡ್ಡ ವಿಜ್ಞಾನ ಏನಲ್ಲ. ನಮ್ಮ ಹುಡುಗಿಗೆ ಅದರ ಹೆಸರನ್ನೂ ಯಾರೂ ಹೇಳಿರಲಿಲ್ಲ. ನೋವಿದ್ದ ಕಡೆಯೇ ಜಗಿಯೋದನ್ನ ಬಿಟ್ಟು, ಗಟ್ಟಿ ಆಹಾರ ಬಿಟ್ಟು, ಮಗು ಮೂರು ವರ್ಷ ಟೀಗೆ ಅದ್ದಿದ ಬಿಸ್ಕತ್ತಿನ ಮೇಲೆ ಬದುಕಿದೆ.

ಬಿಸ್ಕತ್ತಿನ ಮಾತು ಬಂತಲ್ಲ. ದವಡೆ ಬೆಳೆಯೋದು ಕೆಲಸ ಕೊಟ್ಟರೆ. ಕೂಸಾಗಿದ್ದಾಗ ಮೊಲೆ ಚೀಪೋದು ಆ ಮೊದಲ ಕೆಲಸ, ಆಮೇಲೆ ಜಗಿಯೋದು. ಬೆಳಗ್ಗೆ ಐದಕ್ಕೆ ಪೊರಕೆ ಹಿಡಿದು ರಸ್ತೆಗಿಳಿಯೋ ಪೌರಕಾರ್ಮಿಕ ತಾಯಿ, ಏಳಕ್ಕೆ ಕೂಲಿಗೆ ಹೋಗೋ ತಾಯಿ ಆರು ತಿಂಗಳು ಎದೆಹಾಲು ಹೇಗೆ ಕೊಡ್ತಾಳೆ? ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಅಂತ ಶುರು ಮಾಡಿದ್ದಾರೆ, ಒಳ್ಳೇದೇ. ನಿಮ್ಮ ಪಂಚಾಯ್ತಿಯದ್ದು ತೆರೆದಿದೆಯಾ, ಬೋರ್ಡ್ ಮಾತ್ರ ಇದೆಯಾ ಅಂತ ಒಂದು ಸಲ ಹೋಗಿ ನೋಡಿ ಬನ್ನಿ. ಇನ್ನು ಜಗಿಯೋದು. ನಮ್ಮದು ಮುದ್ದೆ ನುಂಗೋ ಸೀಮೆ, ಮುದ್ದೇನ ಜಗಿದ್ರೆ ಅಜ್ಜಿಯರು ಬೈತಾರೆ. ಆದರೆ ಜೊತೆಗೆ ಮೂಳೆ ಇತ್ತು, ಬಾಡು ಇತ್ತು, ಒಣಗಿಸಿದ ಕೊರಬಾಡು ಇತ್ತು. ಹುಡುಗರು ಅರ್ಧ ದಿನ ಜಗೀತಿದ್ವಿ. ಬಡವರ ಕೈಗೆಟುಕೋ ಆ ಗಟ್ಟಿ ಮಾಂಸವನ್ನ 2020ರ ಗೋಹತ್ಯೆ ಕಾಯ್ದೆ ತಂದು ನಮ್ಮ ತಟ್ಟೆಯಿಂದ ಎತ್ತಿದರು. ಶಾಲೆಯಲ್ಲಿ ಮೊಟ್ಟೆ ಕೊಡ್ತೀವಿ ಅಂದಾಗ ಮಠಗಳು ಎದ್ದು ನಿಂತವು. ನಮ್ಮ ಮಕ್ಕಳ ಬಾಯೊಳಗೆ ಏನು ಹೋಗಬೇಕು ಅಂತ ತೀರ್ಮಾನ ಮಾಡೋಕೆ ಎಲ್ಲರೂ ಬರ್ತಾರೆ. ಆ ಬಾಯೊಳಗೆ ಟಾರ್ಚ್ ಬಿಟ್ಟು ನೋಡೋಕೆ ಒಬ್ಬರೂ ಬರಲ್ಲ.

ಬಾಯಿ ಅನ್ನೋದು ಈ ದೇಶದಲ್ಲಿ ಬರೀ ಅಂಗ ಅಲ್ಲ ಗೆಳೆಯರೇ. ಪೇಶ್ವೆಗಳ ಪುಣೆಯಲ್ಲಿ ನಮ್ಮವರು ಕೊರಳಿಗೆ ಮಡಕೆ ಕಟ್ಟಿಕೊಂಡು ನಡೀಬೇಕಿತ್ತು, ಉಗುಳು ನೆಲಕ್ಕೆ ಬಿದ್ದರೆ ಅದನ್ನ ತುಳಿದವರಿಗೆ ಮೈಲಿಗೆ ಅಂತ. ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಬಗ್ಗೆ ಬರೆದ ಭಾಷಣದಲ್ಲೇ ಇದನ್ನ ನೆನಪಿಸಿದ್ದಾರೆ. ನಮ್ಮ ಎಂಜಲು ಅವರಿಗೆ ಅಷ್ಟು ಭಯ. ಹಲ್ಲಿನ ವೈದ್ಯ ಅಂದ್ರೆ ಇನ್ನೊಬ್ಬರ ಎಂಜಲಿಗೆ ಕೈ ಹಾಕೋ ಕೆಲಸ. ಎಲ್ಲಾ ದಂತವೈದ್ಯರೂ ಮಡಿ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ, ಆ ಡಾಕ್ಟರಮ್ಮ ಬರಿ ಟಾರ್ಚಲ್ಲ, ಮಗುವಿನ ಕೈಯನ್ನೂ ಹಿಡಿದುಕೊಂಡಿದ್ದರು. ಆದರೆ ಶಾಲೆಯ ಒಂದು ಶಿಬಿರದಲ್ಲಿ ಮೂರು ಅಡಿ ದೂರ ನಿಂತು "ಆ ಅನ್ನು, ಸರಿ, ಮುಂದಿನವರು" ಅಂತ ನಿಮಿಷಕ್ಕೆ ನಾಲ್ಕು ಮಕ್ಕಳನ್ನ ಮುಗಿಸಿದ್ದನ್ನ ನನ್ನ ಕಣ್ಣಾರೆ ನೋಡಿದ್ದೀನಿ. ಫೋಟೋ ಚೆನ್ನಾಗಿ ಬಂದಿತ್ತು.

ಯೋಜನೆ ಇಲ್ವಾ ಅಂತ ಕೇಳ್ತೀರ. ಇದೆ. 2013ರಿಂದ ಆರ್‌ಬಿಎಸ್‌ಕೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ವೈದ್ಯರಿರೋ ತಂಡ ಗಾಡಿಯಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ಸಿಕ್ಕಿದ ಮಗುವನ್ನ ಮೇಲಿನ ಆಸ್ಪತ್ರೆಗೆ ಕಳಿಸಿ ಉಚಿತವಾಗಿ ಚಿಕಿತ್ಸೆ ಕೊಡಿಸಬೇಕು. ಕಾಗದದ ಮೇಲೆ ಇದಕ್ಕಿಂತ ಚೆಂದ ಇಲ್ಲ. ಆದರೆ ನಮ್ಮ ಹುಡುಗಿಯ ಕಾರ್ಡಲ್ಲಿ ತೂಕ ಇದೆ, ಎತ್ತರ ಇದೆ, ಹಲ್ಲಿನ ಮುಂದೆ ಒಂದು ಟಿಕ್ ಮಾರ್ಕ್ ಇದೆ. ಎರಡು ಹಲ್ಲು ಇಲ್ಲದ ಬಾಯಿಗೆ ಟಿಕ್! ರಾತ್ರಿ ಗೊರಕೆ ಹೊಡೀತಾಳಾ ಅನ್ನೋ ಒಂದು ಪ್ರಶ್ನೇನ ಆ ತಾಯಿಗೆ ಎಂಟು ವರ್ಷದಲ್ಲಿ ಯಾರೂ ಕೇಳಿಲ್ಲ. ಅದಕ್ಕೆ ಯಂತ್ರ ಬೇಕಿತ್ತಾ, ಬಜೆಟ್ ಬೇಕಿತ್ತಾ?

ಇನ್ನೊಂದು ಕಡೆ ನೋಡಿ. 2013ರಿಂದ 18ರವರೆಗಿನ ಸಿದ್ದರಾಮಯ್ಯ ಸರ್ಕಾರ 'ದಂತ ಭಾಗ್ಯ' ತಂತು. ಬಿಪಿಎಲ್ ಕುಟುಂಬದ, ಹಲ್ಲಿಲ್ಲದ ಹಿರಿಯರಿಗೆ ಉಚಿತ ದಂತಪಂಕ್ತಿ. ನಾನು ಅದನ್ನ ಹಂಗಿಸಲ್ಲ. ನಮ್ಮತ್ತೆ ಅದೇ ಹಲ್ಲಲ್ಲಿ ಈಗ ಚಕ್ಕುಲಿ ತಿಂತಾಳೆ. ಆದರೆ ಲೆಕ್ಕ ಹಾಕಿ. ಐದು ವರ್ಷಕ್ಕೆ ಹಲ್ಲು ಕಿತ್ತು, ಅರವತ್ತು ವರ್ಷಕ್ಕೆ ಪ್ಲಾಸ್ಟಿಕ್ ಹಲ್ಲು ಕೊಡೋ ಸರ್ಕಾರಕ್ಕೆ ನಡುವಿನ ಐವತ್ತೈದು ವರ್ಷ ಕಾಣಲ್ಲ. ಮುದುಕಿಗೆ ಓಟಿದೆ, ಮಗುವಿಗೆ ಇಲ್ಲ ಅನ್ನೋದು ಬಿಟ್ಟು ನನಗೆ ಬೇರೆ ಕಾರಣ ಹೊಳೀತಿಲ್ಲ.

ವೈದ್ಯರ ಕೊರತೆ ಅಂತ ಯಾರಾದರೂ ಹೇಳಿದ್ರೆ ನಗಿ. ಇಡೀ ದೇಶದಲ್ಲಿ ಹಲ್ಲಿನ ಕಾಲೇಜು ಹೆಚ್ಚಿರೋ ರಾಜ್ಯಗಳಲ್ಲಿ ನಮ್ಮದು ಮುಂದು. ಸರ್ಕಾರಿ ಕಾಲೇಜು ಬೆರಳೆಣಿಕೆ, ಉಳಿದದ್ದೆಲ್ಲ ಖಾಸಗಿ, ಮಠದ್ದು, ರಾಜಕಾರಣಿಗಳದ್ದು. ಅಲ್ಲಿಂದ ಬಂದ ಬಿಡಿಎಸ್ ಹುಡುಗ ಹುಡುಗಿಯರು ಕೆಲಸವಿಲ್ಲದೆ ಕಾಲ್ ಸೆಂಟರಲ್ಲಿ ಕೂತಿದ್ದಾರೆ, ನಮ್ಮ ಮೀಸಲಾತಿ ಮಕ್ಕಳೂ ಅವರಲ್ಲಿದ್ದಾರೆ. ಒಂದು ಕಡೆ ಕೆಲಸ ಇಲ್ಲದ ಕೈ, ಇನ್ನೊಂದು ಕಡೆ ಯಾರೂ ನೋಡದ ಬಾಯಿ. ನಡುವೆ ಒಂದು ಸರ್ಕಾರಿ ಆದೇಶ ಇಲ್ಲ, ಅಷ್ಟೇ.

ಬೆಂಗಳೂರಿನ ದೊಡ್ಡ ಬಡಾವಣೆಗಳಿಗೆ ಹೋದರೆ ಇದೇ ವಿಷಯ ಬೋರ್ಡಲ್ಲಿ ಹೊಳೀತಿರುತ್ತೆ. ಮಕ್ಕಳ ಉಸಿರಾಟ, ದವಡೆ ಬೆಳವಣಿಗೆ, ಮುಖದ ಚೆಲುವು, ಕಂತಿನಲ್ಲಿ ಪಾವತಿ. ನಾಲ್ಕು ವರ್ಷದ ಮಗುವಿಗೆ ಸಿಲಿಕೋನ್ ಟ್ರೈನರ್, ಏಳಕ್ಕೆ ದವಡೆ ಅಗಲಿಸೋ ಪ್ಲೇಟು. ಅದರಲ್ಲಿ ನಿಜವೂ ಇದೆ. ಮೇಲ್ದವಡೆಯ ಎರಡು ಮೂಳೆಗಳ ನಡುವಿನ ಕೂಡು ಹದಿಹರೆಯ ಮುಗಿಯೋ ಹೊತ್ತಿಗೆ ಗಟ್ಟಿಯಾಗುತ್ತೆ, ಅದಕ್ಕೆ ಮೊದಲು ಸರಿಯಾದ ಡಾಕ್ಟರ ಕೈಯಲ್ಲಿ ಅಗಲ ಮಾಡಿಸೋದು ಸುಲಭ, ಆಮೇಲೆ ಆಪರೇಷನ್ನೇ ಬೇಕಾಗಬಹುದು. ಆದರೆ ಅಸ್ತಮಾ ಹೋಗುತ್ತೆ, ಬುದ್ಧಿ ಚುರುಕಾಗುತ್ತೆ ಅಂತೆಲ್ಲ ಮಾರೋದನ್ನ ನಂಬಬೇಡಿ. ಮತ್ತೆ ರೀಲ್ಸ್ ನೋಡಿ ಮಗುವಿನ ಬಾಯಿಗೆ ಟೇಪ್ ಅಂಟಿಸೋ ಹುಚ್ಚು ಕೂಡಾ ಬಂದಿದೆ. ಮೂಗು ಕಟ್ಟಿರೋ ಮಗುವಿನ ಬಾಯಿಗೆ ಟೇಪ್ ಅಂಟಿಸಿದ್ರೆ ಏನಾಗುತ್ತೆ ಅಂತ ಒಂದು ಕ್ಷಣ ಯೋಚನೆ ಮಾಡಿ! ಯಾರೂ ಮಾಡಬೇಡಿ.

ನನ್ನ ಸಿಟ್ಟು ಆ ಕ್ಲಿನಿಕ್ಕುಗಳ ಮೇಲಲ್ಲ. ಅವರ ಮಕ್ಕಳು ಬಾಯಿ ತೆರೆದು ಕೂತರೆ 'ಉಸಿರಾಟದ ತೊಂದರೆ', ನಮ್ಮ ಮಕ್ಕಳು ಕೂತರೆ 'ಓದು ಹತ್ತದ ಜಾತಿ'. ಅದೇ ಬಾಯಿ, ಅದೇ ಗ್ರಂಥಿ.

ನಮ್ಮ ಮಕ್ಕಳಿಗೆ ಲಕ್ಷದ ಪ್ಲೇಟು ಮೊದಲು ಬೇಕಾಗಿಲ್ಲ. ಹುಳುಕು ಶುರುವಾದಾಗಲೇ ಹಚ್ಚಿ ನಿಲ್ಲಿಸೋ ಔಷಧ ಇದೆ, ಸಿಲ್ವರ್ ಡಯಮೈನ್ ಫ್ಲೋರೈಡ್. ಡ್ರಿಲ್ ಇಲ್ಲ, ಸೂಜಿ ಇಲ್ಲ, ಕರೆಂಟ್ ಇಲ್ಲದ ಅಂಗನವಾಡಿಯಲ್ಲೂ ಹಚ್ಚಬಹುದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು, ಜೊತೆಗೆ ಹಲ್ಲಿನ ತೂತು ಮುಚ್ಚೋ ಗ್ಲಾಸ್ ಅಯೊನೊಮರ್ ಸಿಮೆಂಟನ್ನೂ. ಒಂದು ತೊಂದರೆ, ಹಚ್ಚಿದ ಕಡೆ ಹುಳುಕು ಕಪ್ಪಾಗುತ್ತೆ. ಒಬ್ಬ ಗೆಳೆಯ ಸಿಡುಕಿದ, "ಸಾಹುಕಾರರ ಮಕ್ಕಳಿಗೆ ಬಿಳಿ ಹಲ್ಲು, ನಮ್ಮ ಮಕ್ಕಳಿಗೆ ಕಪ್ಪಾ?" ಅಂತ. ಅವನ ಸಿಟ್ಟು ಅರ್ಥ ಆಗುತ್ತೆ. ಮುಂದಿನ ಹಲ್ಲಿಗೆ ಬೇಡ ಅಂದ್ರೆ ಬೇಡ, ತಾಯಿಗೆ ವಿವರಿಸಿ ಅವಳೇ ಹೇಳಲಿ. ಆದರೆ ಹಿಂದಿನ ದವಡೆ ಹಲ್ಲು ಕಪ್ಪಾದರೂ ಉಳಿಯೋದು, ಕಿತ್ತ ಜಾಗದ ಬಿಳಿ ಒಸಡಿಗಿಂತ ಎಷ್ಟೋ ಮೇಲು.

ದುಡ್ಡೆಲ್ಲಿ ಅಂತಾರೆ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂದಿದ್ದು 2013ರಲ್ಲಿ. ನಮ್ಮ ಪಾಲಿನ ಹಣ ಬೇರೆ ಕಡೆ ಹರಿಯೋಕೆ ಬಾಗಿಲು ತೆರೆದಿಟ್ಟಿದ್ದ 7(ಡಿ)ಯನ್ನ ಹತ್ತು ವರ್ಷ ಕೂಗಾಡಿ 2023ರಲ್ಲಿ ತೆಗೆಸಿದ್ವಿ. ಆ ಹಣದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಪ್ರತಿ ಹಾಸ್ಟೆಲ್ಲಿಗೂ ವರ್ಷಕ್ಕೆ ಎರಡು ಸಲ ಒಬ್ಬ ದಂತವೈದ್ಯ, ಪ್ರತಿ ತಾಲೂಕಿಗೂ ಮಕ್ಕಳ ಹಲ್ಲು ಉಳಿಸೋ ಒಂದು ಕುರ್ಚಿ, ಕೀಳೋ ಕುರ್ಚಿ ಅಲ್ಲ, ಉಳಿಸೋ ಕುರ್ಚಿ. ಕೇಳಿದ್ದು ಹೆಚ್ಚಾಯ್ತಾ? ಆದರೆ ನಮ್ಮ ಬೇಡಿಕೆ ಪಟ್ಟಿಗಳನ್ನ ತೆಗೆದು ನೋಡಿ. ಭೂಮಿ ಇದೆ, ಸ್ಮಶಾನ ಇದೆ, ಬ್ಯಾಕ್‌ಲಾಗ್ ಇದೆ, ಒಳಮೀಸಲಾತಿ ಇದೆ. ಎಲ್ಲವೂ ಬೇಕು. ಮಗುವಿನ ಉಸಿರು ಎಲ್ಲಿದೆ? ಇಪ್ಪತ್ತು ವರ್ಷ ಮನವಿ ಪತ್ರ ಬರೆದ ನಾನೇ ಒಂದು ಸಾಲು ಬರೆದಿಲ್ಲ. ಸತ್ತ ಮೇಲೆ ಹೂಳೋ ಜಾಗಕ್ಕೆ ಎಷ್ಟು ಧರಣಿ ಕೂತಿದ್ದೀವಿ, ರಾತ್ರಿ ಉಸಿರು ಸಿಗದೆ ಒದ್ದಾಡೋ ಮಗುವಿಗೆ ಒಂದು ಧರಣಿ ಇಲ್ಲ. ಇದನ್ನ ನಾನು ನನಗೇ ಹೇಳಿಕೊಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಹುಡುಗಿಗೆ ಅಡಿನಾಯ್ಡ್ ಆಪರೇಷನ್ ಆಯ್ತು, ಹದಿನೈದು ದಿನ ಆಗಿದೆ. ಗೊರಕೆ ಇಲ್ಲ. ಮೊದಲ ರಾತ್ರಿ ಸದ್ದೇ ಇಲ್ಲದಿದ್ದಕ್ಕೆ ಅವರವ್ವ ಹೆದರಿ ಮೂಗಿನ ಹತ್ರ ಕೈ ಇಟ್ಟು ನೋಡಿದಳಂತೆ. ಶಾಲೆ ಬಿಟ್ಟಿಲ್ಲ. ಬಾಯಿ ಮುಚ್ಚೋ ಅಭ್ಯಾಸ ಇನ್ನೂ ಆಗಬೇಕು, ಅದು ತಾನಾಗೇ ಬರಲ್ಲವಂತೆ. ದವಡೆ ಅಗಲಿಸೋದು, ಹಲ್ಲಿಗೆ ಜಾಗ ಮಾಡೋದು ಮುಂದಿನ ಮಾತು. ಅದಕ್ಕೆ ಆ ಡಾಕ್ಟರಮ್ಮ ಸರ್ಕಾರಿ ಡೆಂಟಲ್ ಕಾಲೇಜಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಬೆಂಗಳೂರಿಗೆ ತಿಂಗಳಿಗೊಂದು ಸಲ ಹೋಗಿ ಬರಬೇಕು, ಪ್ರತಿ ಸಲ ತಾಯಿಯ ಒಂದು ದಿನದ ಕೂಲಿ ಹೋಗುತ್ತೆ. ನಾಲ್ಕು ವರ್ಷಕ್ಕೇ ಯಾರಾದರೂ ನೋಡಿದ್ದರೆ ಇದರಲ್ಲಿ ಎಷ್ಟೋ ಬೇಕಾಗ್ತಿರಲಿಲ್ಲ ಅಂತ ಅವರೇ ಹೇಳಿದ್ದು.

ಮುಂದಿನ ಎರಡು ಭಾನುವಾರ ನಮ್ಮ ತಾಲೂಕಿನ ಹಾಸ್ಟೆಲ್ಲು, ಅಂಗನವಾಡಿಗಳಿಗೆ ನಾಲ್ಕು ಜನ ಹೋಗ್ತಿದ್ದೀವಿ. ಇಬ್ಬರು ಬಿಡಿಎಸ್ ಮುಗಿಸಿದ ನಮ್ಮದೇ ಮಕ್ಕಳು ಜೊತೆಗಿರ್ತಾರೆ. ಗೊರಕೆ ಇದೆಯಾ, ಬಾಯಿ ತೆರೆದು ಮಲಗುತ್ತಾ, ನಿದ್ದೆಯಲ್ಲಿ ಉಸಿರು ನಿಲ್ಲುತ್ತಾ, ಹುಳುಕಿದೆಯಾ, ಕಿತ್ತ ಹಲ್ಲೆಷ್ಟು. ಇಷ್ಟೇ ಪ್ರಶ್ನೆ, ಜೊತೆಗೆ ಆರ್‌ಬಿಎಸ್‌ಕೆ ತಂಡ ಕೊನೇ ಸಲ ಬಂದಿದ್ದು ಯಾವಾಗ ಅಂತ ರಿಜಿಸ್ಟರಿನ ಪ್ರತಿ. ಆ ಪಟ್ಟಿ ಹಿಡಿದು ಡಿಸಿ ಆಫೀಸಿಗೆ ಹೋಗೋದು. ಮಗುವಿನ ಹೆಸರು, ಫೋಟೋ ಯಾರೂ ಇಲ್ಲಿ ಹಾಕಬೇಡಿ. ನಿಮ್ಮ ತಾಲೂಕಲ್ಲೂ ಮಾಡ್ತೀರಾದ್ರೆ ಇನ್‌ಬಾಕ್ಸಿಗೆ ಬನ್ನಿ, ಪ್ರಶ್ನೆಗಳ ಹಾಳೆ ಕಳಿಸ್ತೀನಿ. ಟಾರ್ಚ್ ನೀವೇ ತನ್ನಿ.

ಜೈ ಭೀಮ್.